ಸುತ್ತಿ ಬರುವ ನೀರು, ತಣಿಯುವ ಯಂತ್ರ

ಮಾರ್ಚ್ ತಿಂಗಳಲ್ಲಿ ತುಮಕೂರಿನ ಎ.ಪಿ.ಎಂ.ಸಿ. ಅಂಗಳಕ್ಕೆ ಕಾಲಿಟ್ಟವರನ್ನು ಮೊದಲು ಎದುರುಗೊಳ್ಳುವುದು ಹುಣಸೆಹಣ್ಣಿನ ಹುಳಿವಾಸನೆ. ಸುತ್ತಣ ತಾಲ್ಲೂಕುಗಳಿಂದ, ಗಡಿಯಾಚೆಯ ಆಂಧ್ರದ ಹಳ್ಳಿಗಳಿಂದ ಬಂದ ಹುಣಸೆ ಇಲ್ಲಿ ರಾಶಿ ರಾಶಿಯಾಗಿ ಬೀಳುತ್ತದೆ. ಹಾಗೆ ಕೊಂಡ ಹಣ್ಣೆಲ್ಲ ಅಂದೇ ಸಾರಿನ ಪಾತ್ರೆ ಸೇರುವುದಿಲ್ಲ. ಅದರಲ್ಲಿ ಸಾಕಷ್ಟು ಪಾಲು ನಗರದ ಕೋಲ್ಡ್ ಸ್ಟೋರೇಜ್‌ಗಳ ಹಾದಿ ಹಿಡಿಯುತ್ತದೆ. ಹೊರಗೆ ಉಳಿದ ಹುಣಸೆ ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪಾಗುತ್ತದೆ. ತಣ್ಣನೆಯ ಕೋಣೆಯಲ್ಲಿ ಮಲಗಿದ್ದು ತಿಂಗಳುಗಟ್ಟಲೆ ತನ್ನ ಕೆಂಗಂದು ಬಣ್ಣವನ್ನು ಉಳಿಸಿಕೊಳ್ಳುತ್ತದೆ. ಬಣ್ಣ ಉಳಿದರೆ ಬೆಲೆಯೂ ಉಳಿಯಿತು.

ಕೋಲ್ಡ್ ಸ್ಟೋರೇಜ್ ಎಂದರೆ ದಪ್ಪ ಗೋಡೆ, ಕಿಟಕಿಯಿಲ್ಲದ ಕಟ್ಟಡ, ಒಳಗೆ ಚಳಿ. ಇಷ್ಟು ಎಲ್ಲರಿಗೂ ಗೊತ್ತು. ನೋಡಬೇಕಾದದ್ದು ಕಟ್ಟಡದ ಒಳಗಲ್ಲ, ಮಾಳಿಗೆಯ ಮೇಲೆ. ಅಲ್ಲಿ ಸಾಲಾಗಿ ಜೋಡಿಸಿದ ಕಬ್ಬಿಣದ ಕೊಳವೆಗಳ ಮೇಲೆ ನೀರು ಸುರಿಯುತ್ತಿರುತ್ತದೆ. ಸುರಿದ ನೀರು ಕೆಳಗಿನ ತೊಟ್ಟಿಗೆ ಬೀಳುತ್ತದೆ. ಪಂಪು ಅದನ್ನೇ ಮತ್ತೆ ಮೇಲಕ್ಕೆತ್ತಿ ಮತ್ತೆ ಸುರಿಯುತ್ತದೆ. ಕೊಳವೆಗಳೊಳಗೆ ಹರಿಯುವುದು ಅಮೋನಿಯ. ಅದು ಕೋಣೆಯೊಳಗಿನ ಹುಣಸೆಯಿಂದ ಹೀರಿದ ಕಾವನ್ನು ಹೊತ್ತು ಮೇಲೆ ಬಂದು ನೀರಿಗೆ ಒಪ್ಪಿಸುತ್ತದೆ, ನೀರು ಗಾಳಿಗೆ ಒಪ್ಪಿಸುತ್ತದೆ. ಒಬ್ಬರ ಕೈಯಿಂದ ಒಬ್ಬರ ಕೈಗೆ ಇಟ್ಟಿಗೆ ದಾಟಿಸುವ ಗಾರೆ ಕೆಲಸದವರ ಸಾಲಿನಂತೆ.

ವಿದ್ಯಾರ್ಥಿಗಳು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ. ಚಳಿ ಎಂಬ ಪದಾರ್ಥ ಯಾವ ಯಂತ್ರದಲ್ಲೂ ತಯಾರಾಗುವುದಿಲ್ಲ. ಯಂತ್ರ ಮಾಡುವುದು ಸಾಗಾಣಿಕೆ ಮಾತ್ರ. ಕಾವನ್ನು ಬೇಡವಾದ ಜಾಗದಿಂದ ಎತ್ತಿ, ಇದ್ದರೂ ತೊಂದರೆಯಿಲ್ಲದ ಜಾಗಕ್ಕೆ ಹಾಕುವುದು. ಈ ಸಾಗಾಣಿಕೆಗೆ ನೀರಿಗಿಂತ ಒಳ್ಳೆಯ ಹಮಾಲಿ ಸಿಗುವುದು ಕಷ್ಟ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಕಿಲೋಜೂಲ್ ಬೇಕು. ಅದೇ ತೂಕದ ಕಬ್ಬಿಣಕ್ಕೆ ಅದರ ಒಂಬತ್ತನೇ ಒಂದು ಪಾಲು ಸಾಕು. ಎಂದರೆ ನೀರು ಹೆಚ್ಚು ಬಿಸಿಯಾಗದೆಯೇ ಹೆಚ್ಚು ಕಾವು ಹೊರಬಲ್ಲದು.

ಹಳೆಯ ತಲೆಮಾರಿನವರಿಗೆ ಇದು ಹೊಸದೇನಲ್ಲ. ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಡೀಸೆಲ್ ಎಂಜಿನ್ನು ಓಡುತ್ತಿದ್ದ ಕಾಲದಲ್ಲಿ ಅದರ ಪಕ್ಕದಲ್ಲೊಂದು ನೀರಿನ ತೊಟ್ಟಿಯೋ ಡ್ರಮ್ಮೋ ಇರುತ್ತಿತ್ತು. ಎಂಜಿನ್ನಿನ ಮೈಯಿಂದ ಬಿಸಿ ನೀರು ಕೊಳವೆಯಲ್ಲಿ ಬಂದು ತೊಟ್ಟಿಯ ಮೇಲ್ಭಾಗಕ್ಕೆ ಬೀಳುತ್ತಿತ್ತು. ತಳದ ತಣ್ಣನೆಯ ನೀರು ಎಂಜಿನ್ನಿಗೆ ಮರಳುತ್ತಿತ್ತು. ರಾಗಿ ಬೀಸಿಸಲು ಹೋದ ಹುಡುಗರು ಸರದಿ ಕಾಯುತ್ತ ಆ ಬೆಚ್ಚನೆಯ ನೀರಿಗೆ ಕೈಯದ್ದುತ್ತಿದ್ದರು. ಇಂದು ಕಾರ್ಖಾನೆಗಳಲ್ಲಿ ಚಿಲ್ಲರ್, ಕೂಲಿಂಗ್ ಟವರ್ ಎಂದು ಲಕ್ಷಾಂತರ ರೂಪಾಯಿ ಕೊಟ್ಟು ತರಿಸುವ ಯಂತ್ರಗಳ ಮೂಲ ತತ್ವ ಆ ಡ್ರಮ್ಮಿನಲ್ಲೇ ಇತ್ತು.

ತುಮಕೂರು ಈಗ ಕಾರ್ಖಾನೆಗಳ ಊರಾಗುತ್ತಿದೆ. ಹಿರೇಹಳ್ಳಿ, ಅಂತರಸನಹಳ್ಳಿ, ಸತ್ಯಮಂಗಲದ ಕೈಗಾರಿಕಾ ಪ್ರದೇಶಗಳು ಹಳೆಯವು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಸಿರಾ ಕಡೆಗೆ ಹೊರಟರೆ ಸಿಗುವ ವಸಂತನರಸಾಪುರ ಹೊಸದು. 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. 2023ರ ಫೆಬ್ರುವರಿಯಲ್ಲಿ 8,484 ಎಕರೆಯ ಕೈಗಾರಿಕಾ ನಗರಿಗೆ ಶಂಕುಸ್ಥಾಪನೆ ನಡೆಯಿತು. ಎಕರೆಗಳ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಉದ್ಯೋಗದ ಲೆಕ್ಕವೂ ಇದೆ. ಕಾವಿನ ಲೆಕ್ಕ ಕೇಳುವವರು ಕಡಿಮೆ. ಪ್ಲಾಸ್ಟಿಕ್ ಅಚ್ಚು ಹಾಕಲಿ, ಲೋಹ ಕರಗಿಸಲಿ, ಗಾಳಿ ಒತ್ತಲಿ, ಹಣ್ಣಿನ ರಸ ಕುದಿಸಲಿ, ಪ್ರತಿ ಯಂತ್ರವೂ ತಿಂದ ವಿದ್ಯುತ್ತಿನಲ್ಲಿ ಒಂದು ಪಾಲನ್ನು ಕಾವಾಗಿ ಹೊರಗೆ ತಳ್ಳುತ್ತದೆ. ಆ ಕಾವನ್ನು ಹೊತ್ತೊಯ್ಯಲು ನೀರು ಬೇಕು. ನೀರು ಎಲ್ಲಿಂದ ಬರಬೇಕು? ನಗರ ಕುಡಿಯುವುದೇ ಹಾಸನ ಜಿಲ್ಲೆಯ ಗೊರೂರಿನಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲುವ ಹೇಮಾವತಿಯನ್ನು. ಕೊಳವೆಬಾವಿಗಳ ಪಾಡಂತೂ ಹೇಳುವುದೇ ಬೇಡ. ಜಿಲ್ಲೆಯ ಹಲವು ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಪಿ.ಯು.ಸಿ. ಓದುವ ಹುಡುಗ ಹುಡುಗಿಯರು ಕಾಗದ ಪೆನ್ಸಿಲ್ ಹಿಡಿದು ಪರೀಕ್ಷಿಸಲೂಬಹುದು. ಒಂದು ಯಂತ್ರ 100 ಕಿಲೋವಾಟ್ ಕಾವು ಬಿಡುತ್ತದೆ ಎನ್ನೋಣ. ತಣ್ಣೀರು ಒಳಗೆ ಹೋಗಿ 5 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ. ಹಾಗಾದರೆ ಗಂಟೆಗೆ ಸುಮಾರು 17,000 ಲೀಟರ್ ನೀರು ಹರಿಯಬೇಕು. ಹೊರಬಂದ ನೀರನ್ನು ಚರಂಡಿಗೆ ಬಿಟ್ಟರೆ ದಿನಕ್ಕೆ ನಾಲ್ಕು ಲಕ್ಷ ಲೀಟರ್ ಹೋಯಿತು. ಅದೇ ನೀರನ್ನು ಕೂಲಿಂಗ್ ಟವರಿನ ಮೇಲಿನಿಂದ ಹನಿಹನಿಯಾಗಿ ಇಳಿಸಿ, ಗಾಳಿಗೊಡ್ಡಿ ತಣಿಸಿ ಮತ್ತೆ ಯಂತ್ರಕ್ಕೆ ಕಳಿಸಿದರೆ? ಆಗ ಕಳೆದುಹೋಗುವುದು ಆವಿಯಾದ ನೀರು ಮಾತ್ರ. ಒಂದು ಕಿಲೋ ನೀರು ಆವಿಯಾಗುವಾಗ ಸುಮಾರು 2,430 ಕಿಲೋಜೂಲ್ ಕಾವನ್ನು ಕೊಂಡೊಯ್ಯುತ್ತದೆ. ಆ ಪ್ರಕಾರ ಗಂಟೆಗೆ 150 ಲೀಟರ್ ಸಾಕು. ಉಪ್ಪಿನಂಶ ಮಿತಿ ಮೀರದಂತೆ ಆಗಾಗ ಹೊರಬಿಡುವ ನೀರು ಇನ್ನೊಂದು 50 ಲೀಟರ್. ಎಲ್ಲ ಸೇರಿ ದಿನಕ್ಕೆ ಐದು ಸಾವಿರ ಲೀಟರಿನ ಒಳಗೆ. ಒಂದು ಟ್ಯಾಂಕರ್ ಎಲ್ಲಿ, ಎಂಬತ್ತು ಟ್ಯಾಂಕರ್ ಎಲ್ಲಿ!

ಟವರಿನ ಗುಟ್ಟು ಮನೆಯ ಮಣ್ಣಿನ ಹೂಜಿಯದೇ. ಹೂಜಿಯ ಮೈ ಬೆವರುತ್ತದೆ, ಬೆವರು ಆರುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಸಮುದ್ರಮಟ್ಟದಿಂದ ಎಂಟುನೂರು ಮೀಟರ್ ಎತ್ತರದ ಬಯಲುಸೀಮೆಯ ತುಮಕೂರಿಗೆ ಈ ವಿಷಯದಲ್ಲಿ ಅದೃಷ್ಟವಿದೆ. ಮಂಗಳೂರಿನ ತೇವದ ಗಾಳಿಯಲ್ಲಿ ಒದ್ದಾಡುವ ಟವರು ಇಲ್ಲಿನ ಬೇಸಿಗೆಯ ಒಣಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಟವರು ಎಷ್ಟೇ ದೊಡ್ಡದಿದ್ದರೂ ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶಕ್ಕಿಂತ ಕೆಳಗೆ ನೀರನ್ನು ಇಳಿಸಲಾರದು. ಅದಕ್ಕಿಂತ ತಣ್ಣಗೆ ಬೇಕಾದರೆ ಕಂಪ್ರೆಸರ್ ಇರುವ ಚಿಲ್ಲರ್ ಬೇಕು.

ಚಿಲ್ಲರಿನ ತಾಕತ್ತನ್ನು ‘ಟನ್’ ಲೆಕ್ಕದಲ್ಲಿ ಹೇಳುತ್ತಾರೆ. ಮನೆಯ ಏ.ಸಿ. ಕೊಳ್ಳಲು ಹೋದವರೂ ‘ಒಂದೂವರೆ ಟನ್’ ಎಂಬ ಮಾತನ್ನು ಕೇಳಿರುತ್ತಾರೆ. ಅದು ಯಂತ್ರದ ತೂಕವಲ್ಲ. ಐಸ್ ಗಡ್ಡೆಗಳನ್ನೇ ಇಟ್ಟು ತಂಪು ಮಾಡುತ್ತಿದ್ದ ಅಮೆರಿಕದ ಕಾಲದ ಉಳಿಕೆ ಅದು. ಅಲ್ಲಿನ ಒಂದು ಟನ್, ಎಂದರೆ 907 ಕಿಲೋ ಐಸ್, 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಕಾವು. ಇಂದಿನ ಭಾಷೆಯಲ್ಲಿ ಮೂರೂವರೆ ಕಿಲೋವಾಟ್.

ತುಮಕೂರಿನಿಂದ ಗುಬ್ಬಿಯ ದಾರಿ ಹಿಡಿದರೆ ನಡುವೆ ಮಲ್ಲಸಂದ್ರ. ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವುದು ಇಲ್ಲಿ. ಹಸುವಿನ ಕೆಚ್ಚಲಿನಿಂದ ಬಂದ ಹಾಲು ಮೈಬಿಸಿಯಷ್ಟು ಬೆಚ್ಚಗಿರುತ್ತದೆ. ಹಾಗೆಯೇ ಬಿಟ್ಟರೆ ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿ ತಿರುಗುತ್ತದೆ. ಹಿಂದೆ ಹಳ್ಳಿಯ ಸಂಘದಿಂದ ಕ್ಯಾನಿನಲ್ಲಿ ಹೊರಟ ಹಾಲು ದಾರಿಯಲ್ಲಿ ಲಾರಿ ಕೆಟ್ಟು ಒಡೆದುಹೋದರೆ ಎಮ್ಮೆ ಕಟ್ಟಿದವಳ ಹದಿನೈದು ದಿನದ ಬಟವಾಡೆಗೇ ಪೆಟ್ಟು. ಈಗ ಅನೇಕ ಹಳ್ಳಿಗಳಲ್ಲೇ ಬಲ್ಕ್ ಕೂಲರ್‌ಗಳಿವೆ. ಸಾವಿರ ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಕಾವು ಎಷ್ಟೆಂದರೆ, ಅದು ಸುಮಾರು 370 ಕಿಲೋ ಐಸನ್ನು ಕರಗಿಸಬಲ್ಲದು.

ದೊಡ್ಡ ಡೇರಿಗಳಲ್ಲಿ ಇದಕ್ಕೊಂದು ಜಾಣತನದ ಏರ್ಪಾಡು ಉಂಟು. ‘ಐಸ್ ಬ್ಯಾಂಕ್’ ಎಂಬ ತೊಟ್ಟಿಯಲ್ಲಿ ಕೊಳವೆಗಳ ಸುತ್ತ ಮೊದಲೇ ಐಸ್ ಕಟ್ಟಿಸಿಡುತ್ತಾರೆ. ಹಾಲು ಬರುವ ಹೊತ್ತಿಗೆ ಆ ತೊಟ್ಟಿಯ ಕೊರೆಯುವ ನೀರನ್ನು ತೆಳು ಸ್ಟೀಲ್ ತಗಡುಗಳ ಒಂದು ಪಕ್ಕದಲ್ಲಿ ಹರಿಸಿ, ಇನ್ನೊಂದು ಪಕ್ಕದಲ್ಲಿ ಹಾಲನ್ನು ಹರಿಸುತ್ತಾರೆ. ಹಾಲೂ ನೀರೂ ಒಂದನ್ನೊಂದು ಮುಟ್ಟುವುದಿಲ್ಲ. (ಹಾಲಿಗೆ ನೀರು ಬೆರೆಸದೆಯೇ ನೀರಿನಿಂದ ಲಾಭ ಪಡೆಯುವ ಏಕೈಕ ಮಾರ್ಗ ಇದಿರಬೇಕು.) ಬಿಸಿಯಾದ ನೀರು ಮತ್ತೆ ಐಸಿನ ತೊಟ್ಟಿಗೇ ಮರಳುತ್ತದೆ. ಪಾಶ್ಚರೀಕರಣಕ್ಕೆಂದು 72 ಡಿಗ್ರಿಗೆ ಕಾಯಿಸಿದ ಹಾಲಿನ ಕಾವನ್ನೂ ವ್ಯರ್ಥ ಮಾಡುವುದಿಲ್ಲ. ಒಳಬರುವ ತಣ್ಣನೆಯ ಹಾಲನ್ನು ಬೆಚ್ಚಗಾಗಿಸಲು ಅದನ್ನೇ ಬಳಸುತ್ತಾರೆ.

ಇದೇ ರಸ್ತೆಯ ಎರಡೂ ಬದಿಯ ತೋಟಗಳ ನಡುವೆ ಕಂಬಗಳ ಮೇಲೆ ಕೂತ ಟ್ರಾನ್ಸ್‌ಫಾರ್ಮರ್‌ಗಳನ್ನು ಗಮನಿಸಬೇಕು. ಊರವರ ಬಾಯಲ್ಲಿ ಅದು ‘ಟಿ.ಸಿ.’ ಅದರ ಪಕ್ಕೆಯಲ್ಲಿ ಪಕ್ಕೆಲುಬುಗಳಂತೆ ಕೊಳವೆಗಳೋ ತಗಡಿನ ರೆಕ್ಕೆಗಳೋ ಇರುತ್ತವೆ. ಒಳಗಿರುವುದು ಎಣ್ಣೆ. ತಂತಿಸುರುಳಿಯ ಕಾವಿಗೆ ಬಿಸಿಯಾದ ಎಣ್ಣೆ ತಾನಾಗಿ ಮೇಲೇರಿ, ಪಕ್ಕದ ಕೊಳವೆಗಳಲ್ಲಿ ತಣಿದು ಕೆಳಗಿಳಿಯುತ್ತದೆ. ಪಂಪಿಲ್ಲ, ಫ್ಯಾನಿಲ್ಲ, ಆದರೂ ಹಗಲಿರುಳು ಸುತ್ತುತ್ತಲೇ ಇರುತ್ತದೆ. ಎಣ್ಣೆ ಸೋರಿ ಮಟ್ಟ ಇಳಿದಾಗ, ಇಲ್ಲವೇ ಬೇಸಿಗೆಯಲ್ಲಿ ಎಲ್ಲ ಪಂಪ್‌ಸೆಟ್ಟುಗಳೂ ಒಟ್ಟಿಗೆ ಎಳೆದು ಹೊರೆ ಮೀರಿದಾಗ ‘ಟಿ.ಸಿ. ಸುಟ್ಟೋಯ್ತು’ ಎಂಬ ಕೂಗು ಏಳುತ್ತದೆ. ಅಡಿಕೆ ತೋಟಕ್ಕೆ ವಾರವಿಡೀ ನೀರಿಲ್ಲ. ಕಾವು ಹೊರಹೋಗದಿದ್ದರೆ ಏನಾಗುತ್ತದೆಂದು ತಿಳಿಯಲು ಗುಬ್ಬಿಯ ತೋಟಗಾರ ಕಾಲೇಜಿಗೆ ಹೋಗಬೇಕಾಗಿಲ್ಲ.

ಗುಬ್ಬಿ ಎಂದರೆ ಬಹಳ ಕಾಲ ವೀರಣ್ಣನವರ ಹೆಸರೇ ಮುಂದೆ ಬರುತ್ತಿತ್ತು. 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಊರನ್ನು ನಾಡಿಗೆಲ್ಲ ಪರಿಚಯಿಸಿತು. ಈಗ ಅದರ ಜೊತೆ ಇನ್ನೊಂದು ಗುರುತು ಸೇರಿದೆ. ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ ತಲೆಯೆತ್ತಿದೆ. ಕಾವಲ್ ಎಂದರೆ ಹಳೆ ಮೈಸೂರಿನ ಮಾತಿನಲ್ಲಿ ದನ ಮೇಯುವ ಹುಲ್ಲುಗಾವಲು. ಆ ನೆಲದ 615 ಎಕರೆಯಲ್ಲಿ 2016ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 2023ರ ಫೆಬ್ರುವರಿ 6ರಂದು ಕಾರ್ಖಾನೆ ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ಮೂರು ಟನ್ ವರ್ಗದ, ಒಂದೇ ಎಂಜಿನ್ನಿನ ಲಘು ಹೆಲಿಕಾಪ್ಟರುಗಳನ್ನು ಮೊದಲಿಗೆ ವರ್ಷಕ್ಕೆ 30ರಂತೆ ಕಟ್ಟುವುದು, ಮುಂದೆ ಹಂತಹಂತವಾಗಿ 60, 90ಕ್ಕೆ ಏರಿಸುವುದು ಉದ್ದೇಶ.

ಹೆಲಿಕಾಪ್ಟರಿಗೂ ಹಿಟ್ಟಿನ ಗಿರಣಿಯ ಡ್ರಮ್ಮಿಗೂ ಏನು ಸಂಬಂಧ? ಇದೆ. ಎಂಜಿನ್ನಿನ ಟರ್ಬೈನು ನಿಮಿಷಕ್ಕೆ ಹಲವು ಸಾವಿರ ಸುತ್ತು ತಿರುಗುತ್ತದೆ, ನೆತ್ತಿಯ ರೆಕ್ಕೆ ಕೆಲವು ನೂರು ಸುತ್ತು ಮಾತ್ರ. ನಡುವೆ ವೇಗ ಇಳಿಸುವುದು ಗೇರ್‌ಬಾಕ್ಸ್. ಹಲ್ಲಿಗೆ ಹಲ್ಲು ಉಜ್ಜುವಾಗ ನೂರಕ್ಕೆ ಒಂದೆರಡು ಪಾಲು ಶಕ್ತಿ ಕಾವಾಗಿ ಕಳೆದುಹೋದರೂ, ಐದಾರು ಮನೆಗಳ ಗೀಸರುಗಳು ಅಂಗೈಯಗಲದ ಜಾಗದಲ್ಲಿ ಒಟ್ಟಿಗೆ ಉರಿದಂತೆ. ಆ ಕಾವನ್ನು ಒಯ್ಯುವುದು ಎಣ್ಣೆ. ಹಲ್ಲುಗಳ ಮೇಲೆ ಚಿಮ್ಮಿ, ಕೂಲರಿನಲ್ಲಿ ತಣಿದು, ಸೋಸಿಕೊಂಡು ಮತ್ತೆ ಚಿಮ್ಮುತ್ತದೆ. ಈ ಸುತ್ತು ನಿಂತರೆ ಕೆಲವೇ ನಿಮಿಷಗಳಲ್ಲಿ ಉಕ್ಕಿನ ಹಲ್ಲುಗಳು ಕಚ್ಚಿಕೊಳ್ಳಬಹುದು. ಆದುದರಿಂದಲೇ ದೊಡ್ಡ ಹೆಲಿಕಾಪ್ಟರುಗಳಿಗೆ ಪ್ರಮಾಣಪತ್ರ ಕೊಡುವ ನಿಯಮಗಳಲ್ಲಿ, ಎಣ್ಣೆ ಸೋರಿಹೋದ ಮೇಲೂ ಅರ್ಧ ಗಂಟೆ ತಾಳಿಕೊಳ್ಳಬೇಕೆಂಬ ಕಟ್ಟಳೆ ಇರುವುದು. ಪೈಲಟ್ಟಿಗೆ ನೆಲ ಹುಡುಕಿ ಇಳಿಯಲು ಬೇಕಾದ ಸಮಯ ಅದು.

ನಾಜೂಕಿನ ಕೆಲಸ ಮಾಡುವ ಯಂತ್ರಗಳಿಗೆ ತಂಪು ಬೇಕಾಗುವುದು ಸುಟ್ಟುಹೋಗುತ್ತದೆಂಬ ಭಯಕ್ಕಿಂತ ಅಳತೆ ತಪ್ಪುತ್ತದೆಂಬ ಭಯಕ್ಕೆ. ನೂರು ಮಿಲಿಮೀಟರ್ ಉದ್ದದ ಉಕ್ಕಿನ ತುಂಡು 10 ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಬೆಳೆಯುತ್ತದೆ. ತಲೆಗೂದಲ ದಪ್ಪದ ಐದಾರನೇ ಒಂದು ಪಾಲು. ಬಾಗಿಲ ಚಿಲಕಕ್ಕೆ ಇದು ಲೆಕ್ಕಕ್ಕಿಲ್ಲ; ಬೇರಿಂಗಿಗೆ, ಗಡಿಯಾರದ ಚಕ್ರಕ್ಕೆ ಇದು ಪ್ರಮಾದ. ತುಮಕೂರಿಗೆ ಈ ವಿದ್ಯೆ ಹೊಸದಲ್ಲ. ಎಚ್.ಎಂ.ಟಿ. ವಾಚ್ ಕಾರ್ಖಾನೆ ದಶಕಗಳ ಕಾಲ ಈ ಊರಿನ ಕೈಗಳಿಗೆ ಮೈಕ್ರಾನಿನ ಶಿಸ್ತು ಕಲಿಸಿತ್ತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಮುಚ್ಚುವ ತೀರ್ಮಾನವಾಯಿತು, ಮುಂದೆ ಆ ನೆಲ ಇಸ್ರೋ ಪಾಲಾಯಿತು. ಕೆಲಸಗಾರರ ಮುಂಗೈಯಲ್ಲಿದ್ದ ಗಡಿಯಾರಗಳು ಮಾತ್ರ ಇನ್ನೂ ಓಡುತ್ತಿವೆ.

ಸಿ.ಎನ್.ಸಿ. ಯಂತ್ರದ ಗಾಜಿನ ಬಾಗಿಲಿನಾಚೆ ಹಾಲಿನಂತೆ ಬೆಳ್ಳಗೆ ಚಿಮ್ಮುವ ದ್ರವವನ್ನು ಪಾಲಿಟೆಕ್ನಿಕ್ ಓದಿದವರು ಕಂಡಿರುತ್ತಾರೆ. ನೀರಿನಲ್ಲಿ ಎಣ್ಣೆ ಕದಡಿದ ‘ಕೂಲೆಂಟ್’ ಅದು. ಲೋಹದ ಚೂರುಗಳನ್ನು ತೊಳೆದು, ಕಾವನ್ನು ಹೊತ್ತು, ತೊಟ್ಟಿಗಿಳಿದು, ಸೋಸಿಕೊಂಡು ಮತ್ತೆ ಬರುತ್ತದೆ. ವಾರಗಟ್ಟಲೆ ನಿಗಾ ಇಲ್ಲದೆ ಬಿಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಕೆಲಸಗಾರನ ಚರ್ಮ ಕೆರೆಯತೊಡಗುತ್ತದೆ.

ಮಗ ಅಥವಾ ಮಗಳಿಗೆ ಮುಂದೆ ಏನು ಓದಿಸುವುದೆಂದು ತಲೆ ಕೆಡಿಸಿಕೊಳ್ಳುವ ತಂದೆತಾಯಂದಿರು ಈ ಕ್ಷೇತ್ರದ ಕಡೆ ಒಮ್ಮೆ ನೋಡುವುದು ಒಳ್ಳೆಯದು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರದು; ಗುಬ್ಬಿಯಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ಆದರೆ ಚಿಲ್ಲರ್ ನಿಂತಾಗ ಕಾರ್ಖಾನೆ ಮೊದಲು ಹುಡುಕುವುದು ಪದವೀಧರನನ್ನಲ್ಲ, ಎಸ್.ಎಸ್.ಎಲ್.ಸಿ. ಬಳಿಕ ಐ.ಟಿ.ಐ.ನಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ವೃತ್ತಿಯನ್ನು ಎರಡು ವರ್ಷ ಕಲಿತ ಮೆಕ್ಯಾನಿಕ್ಕನ್ನು. ಅಕ್ಕಪಕ್ಕದವರು ‘ಫ್ರಿಜ್ ರಿಪೇರಿ’ ಎಂದು ಮೂಗು ಮುರಿಯಬಹುದು. ಮುರಿಯಲಿ. ಹಾಲು, ಔಷಧಿ, ಪ್ಲಾಸ್ಟಿಕ್, ಕಂಪ್ಯೂಟರ್ ಎಲ್ಲವೂ ಈ ಮೆಕ್ಯಾನಿಕ್ಕಿನ ಸ್ಪ್ಯಾನರಿಗೆ ಕಾದಿವೆ.

ಗುಬ್ಬಿಯ ಈ ನೆಲದಲ್ಲಿ ನೀರಿನ ಮಾತೆತ್ತಿದರೆ ಇತ್ತೀಚೆಗೆ ದನಿ ಏರುತ್ತದೆ. ಹೇಮಾವತಿಯನ್ನು ಗುಬ್ಬಿ ತಾಲ್ಲೂಕಿನ ಬಳಿಯಿಂದ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಯೋಜನೆಗೆ ತುಮಕೂರು, ಗುಬ್ಬಿ ಕಡೆಯ ರೈತರ ವಿರೋಧವಿದೆ. 2025ರ ಮೇ ಕೊನೆಯಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ತಮ್ಮ ಪಾಲಿನ ನೀರು ನಾಲೆಯ ಕೊನೆಯವರೆಗೆ ಬರುವುದೇ ಇಲ್ಲವೆಂಬುದು ಕುಣಿಗಲ್ಲಿನವರ ಅಳಲು. ಎರಡೂ ಕಡೆ ಒಣಗುತ್ತಿರುವುದು ತೆಂಗಿನ ಮರಗಳೇ. ಇಂಥ ಸೀಮೆಯಲ್ಲಿ ಒಂದು ಕಾರ್ಖಾನೆ ತನ್ನ ಕೂಲಿಂಗ್ ನೀರನ್ನು ಸುತ್ತಿಸಿ ಬಳಸುತ್ತದೆಯೋ, ಚರಂಡಿಗೆ ಬಿಡುತ್ತದೆಯೋ ಎಂಬುದು ಅದರ ಗೇಟಿನೊಳಗಿನ ಸಂಗತಿಯಾಗಿ ಉಳಿಯುವುದಿಲ್ಲ.

ತುಮಕೂರಿಗೆ ಮರಳಿ ಕುಣಿಗಲ್ ರಸ್ತೆ ಹಿಡಿದರೆ ದೈತ್ಯ ಗಣಪನ ಗೂಳೂರು, ಅದರ ಮಗ್ಗುಲಲ್ಲೇ ಜಕಣಾಚಾರಿಯ ಕಥೆ ಹೇಳುವ ಕೈದಾಳ, ಮುಂದೆ ಹೆಬ್ಬೂರು. ರಾಗಿ ಹೊಲ, ತೆಂಗಿನ ತೋಟಗಳ ನಡುವೆ ಮೂವತ್ತೈದು ಕಿಲೋಮೀಟರ್ ಸಾಗಿದರೆ ಕುಣಿಗಲ್. ಬೆಂಗಳೂರು–ಮಂಗಳೂರು ಹೆದ್ದಾರಿ ಇಲ್ಲಿ ಹಾಯುತ್ತದೆ. 2017ರಿಂದ ಬೆಂಗಳೂರು–ಹಾಸನ ರೈಲೂ ಇದೆ. ಅಂಚೇಪಾಳ್ಯದಲ್ಲಿ ಕೈಗಾರಿಕಾ ಪ್ರದೇಶವಿದೆ.

ಕಾರ್ಖಾನೆ ಶೆಡ್ಡುಗಳ ಹಿಂಬದಿ ನೀರಿನ ಗುಣದ ಸಮಸ್ಯೆ ಶುರುವಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಹಾಗೇ ಸುತ್ತಿಸಿದರೆ ಸ್ನಾನದ ಹಂಡೆಯ ಒಳಮೈಗೆ ಕಟ್ಟುವಂಥ ಬಿಳಿ ಕಿಟ್ಟ ಕೊಳವೆಗಳೊಳಗೂ ಕಟ್ಟುತ್ತದೆ. ಒಂದು ಮಿಲಿಮೀಟರ್ ಕಿಟ್ಟ ಸಾಕು, ಕಾವು ದಾಟುವ ದಾರಿಗೆ ಗೋಡೆ ಎದ್ದಂತೆ. ಪ್ಲಾಸ್ಟಿಕ್ ಬಕೆಟ್ ಅಚ್ಚು ಹಾಕುವ ಯಂತ್ರದಲ್ಲಿ ಇನ್ನೂರು ಡಿಗ್ರಿ ಮೀರಿದ ಪ್ಲಾಸ್ಟಿಕ್ ಅಚ್ಚಿಗೆ ನುಗ್ಗುತ್ತದೆ. ಒಂದು ಬಕೆಟ್ ಹೊರಬೀಳಲು ಹಿಡಿಯುವ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಅದು ತಣಿಯಲೆಂದು ಕಾಯುವುದೇ. ಕಿಟ್ಟ ಕಟ್ಟಿದರೆ ಕಾಯುವ ಹೊತ್ತು ಬೆಳೆಯುತ್ತದೆ, ದಿನದ ಬಕೆಟ್ಟುಗಳ ಲೆಕ್ಕ ಇಳಿಯುತ್ತದೆ, ಬೈಗುಳ ಮಾತ್ರ ಆಪರೇಟರಿಗೆ ಬೀಳುತ್ತದೆ. ಕಿಟ್ಟ, ತುಕ್ಕು ತಡೆಯಲು ಹಾಕುವ ರಾಸಾಯನಿಕಗಳ ಕಥೆ ಬೇರೆ. ಹಿಂದೆ ವಿಷಕಾರಿ ಕ್ರೋಮೇಟನ್ನೇ ಸುರಿಯುತ್ತಿದ್ದರು. ಟವರಿನ ನೀರನ್ನು ಶುಚಿಯಾಗಿಡದಿದ್ದರೆ ಮನುಷ್ಯರಿಗೂ ಅಪಾಯ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ಸೇರಿದ್ದವರಿಗೆ ಹರಡಿದ ಮಾರಕ ನ್ಯುಮೋನಿಯದಿಂದ ‘ಲೀಜಿಯೊನೆಲ್ಲ’ ಎಂಬ ಬ್ಯಾಕ್ಟೀರಿಯಾ ಜಗತ್ತಿಗೆ ಗೊತ್ತಾಯಿತು. ಬೆಚ್ಚನೆಯ ಟವರ್ ನೀರು ಅದಕ್ಕೆ ತವರುಮನೆ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಲೋಹ ಕರಗಿಸುವ ಇಂಡಕ್ಷನ್ ಕುಲುಮೆ. ಅದರ ಸುತ್ತ ಸುತ್ತಿದ ತಾಮ್ರದ ಸುರುಳಿ ಟೊಳ್ಳು, ಒಳಗೆ ನೀರು ಹರಿಯುತ್ತದೆ. ಕೆಲವೇ ಅಂಗುಲದಾಚೆ ಸಾವಿರದೈನೂರು ಡಿಗ್ರಿಯ ಕಬ್ಬಿಣ. ಕರೆಂಟು ಹೋಗಿ ಪಂಪು ನಿಂತರೆ? ಕರಗಿದ ಲೋಹಕ್ಕೆ ಕರೆಂಟು ಹೋದದ್ದು ತಿಳಿಯುವುದಿಲ್ಲ, ಅದು ಸುಡುತ್ತಲೇ ಇರುತ್ತದೆ. ಸುರುಳಿ ತೂತಾಗಿ ನೀರು ಲೋಹದಡಿ ಸೇರಿದರೆ ಉಗಿ ಸಿಡಿದು ಕುಲುಮೆಯೇ ಬಾಂಬಾಗುತ್ತದೆ. ಅದಕ್ಕೆಂದೇ ಎತ್ತರದಲ್ಲೊಂದು ನೀರಿನ ಟ್ಯಾಂಕು, ಇಲ್ಲವೇ ತಾನಾಗಿ ಚಾಲೂ ಆಗುವ ಡೀಸೆಲ್ ಪಂಪು ಇರಬೇಕು. ಮಗ ಫೌಂಡ್ರಿಯಲ್ಲಿ ಕೆಲಸಕ್ಕೆ ಸೇರಿದನೆಂದರೆ ಸಂಬಳದ ಜೊತೆಗೆ ಈ ಟ್ಯಾಂಕಿನ ವಿಚಾರವನ್ನೂ ಕೇಳಿಕೊಂಡರೆ ತಪ್ಪಿಲ್ಲ.

ನೀರೇ ಬೇಡವೆನ್ನುವವರಿಗೆ ಗಾಳಿಯಿಂದಲೇ ತಣಿಯುವ ಚಿಲ್ಲರುಗಳಿವೆ. ಮೋಟಾರು ಬಸ್ಸಿನ ರೇಡಿಯೇಟರಿನಂತೆ ಒಳಗಿನ ನೀರು ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತದೆ, ಹನಿಯೂ ಆವಿಯಾಗುವುದಿಲ್ಲ. ಆದರೆ ವಿದ್ಯುತ್ ಬಿಲ್ಲು ಸುಮಾರು ಒಂದೂವರೆ ಪಟ್ಟು. ಏಪ್ರಿಲ್ ಮಧ್ಯಾಹ್ನ ಗಾಳಿಯೇ ಕಾದಿರುವಾಗ ಅದರ ತಾಕತ್ತು ಇನ್ನೂ ಕುಗ್ಗುತ್ತದೆ. ನೀರು ಉಳಿಸಿದರೆ ಕರೆಂಟು, ಕರೆಂಟು ಉಳಿಸಿದರೆ ನೀರು. ಯಾವುದನ್ನು ತೆರಬೇಕೆಂಬುದು ಊರಿನಿಂದ ಊರಿಗೆ ಬೇರೆ. ಕೆರೆ ಬತ್ತಿದ ಸೀಮೆಯಲ್ಲಿ ಕರೆಂಟಿನ ಬಿಲ್ಲು ಕಟ್ಟುವುದೇ ವಾಸಿ.

ಕುಣಿಗಲ್ಲಿನ ದೊಡ್ಡಕೆರೆ ಜನಪದರ ಹಾಡಿಗೆ ಸಿಕ್ಕಿ ಅಮರವಾದದ್ದು. ಊರಿನ ಇನ್ನೊಂದು ಹೆಸರು ಕುದುರೆ ಫಾರಂ. ಅದರ ಬೇರು ಟಿಪ್ಪುವಿನ ಕಾಲದ ಸೈನ್ಯದ ಲಾಯದಲ್ಲಿದೆ. ಯಂತ್ರಗಳ ಮಾತಿನ ನಡುವೆ ಕುದುರೆ ಯಾಕೆ ಎನ್ನಬೇಡಿ. ಓಡುವ ಕುದುರೆಯ ಸ್ನಾಯುಗಳು ತಿಂದ ಶಕ್ತಿಯ ಬಹುಪಾಲನ್ನು ಕಾವಾಗಿಯೇ ಹೊರಹಾಕುತ್ತವೆ. ರಕ್ತ ಆ ಕಾವನ್ನು ಹೊತ್ತು ಚರ್ಮಕ್ಕೆ ತರುತ್ತದೆ, ಚರ್ಮ ಬೆವರುತ್ತದೆ, ಬೆವರು ಆರುತ್ತದೆ, ತಣಿದ ರಕ್ತ ಮತ್ತೆ ಸ್ನಾಯುವಿಗೆ ಮರಳುತ್ತದೆ. ಪಂಪು, ಕೊಳವೆ, ಟವರು ಮೂರೂ ಒಂದೇ ಚರ್ಮದೊಳಗೆ. ನಾಯಿಗೆ ಈ ಭಾಗ್ಯವಿಲ್ಲ, ಅದು ನಾಲಿಗೆ ಚಾಚಿ ಏದುಸಿರು ಬಿಡಬೇಕು. ಓಟ ಮುಗಿಸಿದ ಕುದುರೆಯನ್ನು ಕುದುರೆಯಾಳು ಕೂಡಲೇ ಕಟ್ಟಿಹಾಕುವುದಿಲ್ಲ. ಮೈಮೇಲೆ ನೀರು ಸುರಿದು, ಬಳಿದು ತೆಗೆದು, ಉಸಿರು ತಹಬಂದಿಗೆ ಬರುವವರೆಗೆ ನಿಧಾನವಾಗಿ ನಡೆಸುತ್ತಾನೆ. ಬಿಸಿಯಾದ ಕಂಪ್ರೆಸರನ್ನು ನಿಲ್ಲಿಸಿದ ಮೇಲೂ ನೀರಿನ ಪಂಪನ್ನು ಸ್ವಲ್ಪ ಹೊತ್ತು ಓಡಲು ಬಿಡುವ ಮೆಕ್ಯಾನಿಕ್ಕು ಮಾಡುವುದೂ ಅದನ್ನೇ.